ಹಾಲಸಿದ್ದಪ್ಪನ ಬೆರಳಿನ ಸುಣ್ಣ

ಕುರುಗೋಡಿನ ಹಾಲಸಿದ್ದಪ್ಪನ ಬಾಯಿಂದ ಯಾವುದರ ಬಗೆಗೂ ಒಂದು ಕೆಟ್ಟ ಮಾತು ಬಂದದ್ದನ್ನು ಕೇಳಿದವರಿಲ್ಲ. ಇದು ದೊಡ್ಡ ಗುಣ ಎಂದು ನೀವು ತಲೆದೂಗಿದರೆ, ಅವನ ಜೊತೆ ಒಂದು ವಾರವೂ ಕಳೆದಿಲ್ಲ ಎಂದೇ ಅರ್ಥ. ಕುಂಟೆತ್ತನ್ನು ತೋರಿಸಿ ಹೇಗಿದೆ ಎಂದರೂ ‘ಛಲೋ ಐತಿ’. ಸೀದ ಹೋಳಿಗೆ ತಿನ್ನಿಸಿ ಕೇಳಿದರೂ ‘ಛಲೋ ಐತಿ’. ಹೆಂಡತಿ ಕೊಟ್ರಮ್ಮ ಹೊಸ ಸೀರೆ ಉಟ್ಟು ಎದುರು ನಿಂತಾಗ ಛಲೋ ಐತಿ ಎಂದವನು, ಆಕೆ ಅದನ್ನು ಬಿಚ್ಚಿಟ್ಟು ಹಳೆಯದನ್ನು ಉಟ್ಟು ಬಂದಾಗಲೂ ಅದನ್ನೇ ಅಂದ. ಆಕೆ ಎರಡು ದಿನ ಮಾತು ಬಿಟ್ಟಳು.

ಇದಕ್ಕೆಲ್ಲ ಕಾರಣ ಅವನ ಅಪ್ಪ. ಚಿಕ್ಕಂದಿನಲ್ಲಿ ನೆಂಟರ ಮದುವೆಯ ಪಂಕ್ತಿಯಲ್ಲಿ ಕೂತು, ಪಾಯಸಕ್ಕೆ ಹೊಗೆ ವಾಸನೆ ಹತ್ತಿದೆ ಎಂದು ಹುಡುಗ ಗಟ್ಟಿಯಾಗಿ ಅಂದುಬಿಟ್ಟಿದ್ದ. ಹೆಣ್ಣಿನ ತಂದೆ ಸೌಟು ಹಿಡಿದುಕೊಂಡೇ ಕಣ್ಣಲ್ಲಿ ನೀರು ತಂದುಕೊಂಡರು. ಮನೆಗೆ ಬಂದ ಮೇಲೆ ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. “ಉಂಡ ಮನಿ ಜಂತಿ ಎಣಿಸಬಾರ್ದಪಾ,” ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಹೊಡೆತ ತಿಂದಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದನೇನೋ. ಆ ಮಾತು ಮಾತ್ರ ಅವನ ನಾಲಿಗೆಗೆ ಅಂಟಿಕೊಂಡಿತು.

ಸಾಹುಕಾರ ಮರಿಬಸಪ್ಪನವರ ಅರಳೆ ಗಾಡಿಗಳ ಜೊತೆ ಬಳ್ಳಾರಿಗೆ ಹೋಗುವುದು, ಜಿನ್ನಿನಲ್ಲಿ ಬೀಜ ಬಿಡಿಸುವ ತನಕ ಅಲ್ಲೇ ಕಾದಿರುವುದು, ಹೊಸ ಅಕ್ಕಿ ಬರುವ ಕಾಲಕ್ಕೆ ಸಿರುಗುಪ್ಪಕ್ಕೆ ಹೋಗಿ ಗಾಡಿ ತುಂಬಿಸಿ ತರುವುದು, ಇದು ಹಾಲಸಿದ್ದಪ್ಪನ ಕೆಲಸ. ಎರಡನೇ ಮಹಾಯುದ್ಧ ಸುರುವಾಗುವ ಮೊದಲಿನಿಂದಲೂ ಇದನ್ನೇ ಮಾಡುತ್ತಿದ್ದ. ಹೀಗಾಗಿ ವರ್ಷದಲ್ಲಿ ಅರ್ಧಕ್ಕರ್ಧ ಅವನ ನಿದ್ದೆ ಬೇರೆಯವರ ಸೂರಿನ ಕೆಳಗೇ. ಹಲಕುಂದಿಯ ಮಠದಲ್ಲಿ ಮಲಗಿದ್ದಾನೆ, ಛತ್ರಗಳಲ್ಲಿ ಮಲಗಿದ್ದಾನೆ, ಖಾನಾವಳಿಗಳ ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದಾನೆ. ಪರ ಊರಿಗೆ ಹೊರಟವರಿಗೆ ಆಗ ಎಲ್ಲಿ ಇಳಿದುಕೊಳ್ಳಬೇಕು ಎಂಬುದೇ ದೊಡ್ಡ ಚಿಂತೆ. ನೀರು ಹೇಗೋ, ಊಟ ಹೇಗೋ, ಮಲಗಿದವನ ಗಂಟು ಬೆಳಿಗ್ಗೆ ಇರುತ್ತದೋ ಇಲ್ಲವೋ. ಎಲ್ಲರೂ ಹಾಲಸಿದ್ದಪ್ಪನನ್ನು ಕೇಳಲು ಬರುತ್ತಿದ್ದರು. ಬಂದವರೆಲ್ಲ ‘ಛಲೋ ಐತಿ’ಯನ್ನು ಕಟ್ಟಿಕೊಂಡು ವಾಪಸು ಹೋಗುತ್ತಿದ್ದರು.

ಜವಳಿ ವ್ಯಾಪಾರಿ ಪಕ್ಕೀರಪ್ಪ ಹಾಗೆ ಮೋಸಹೋದವರಲ್ಲಿ ಒಬ್ಬ. ಹಾಲಸಿದ್ದಪ್ಪನ ಮಾತು ನಂಬಿ ಯಾವುದೋ ಛತ್ರದಲ್ಲಿ ಇಳಿದು, ಮಳೆಗೆ ಅರ್ಧ ಮಾಳಿಗೆ ಸೋರಿ, ಸೀರೆಯ ಗಂಟೆಲ್ಲ ನೆನೆದು ಬಣ್ಣ ಬಿಟ್ಟು, ಅಳುಮೋರೆ ಹಾಕಿಕೊಂಡು ಬಂದಿದ್ದ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಬರಬರುತ್ತ ಉಳಿದವರೂ ಬಿಟ್ಟರು. ಜನ ಬುದ್ಧಿವಂತರಾದರು, ತಾವೇ ಜಾಗ ಹುಡುಕಿಕೊಳ್ಳುತ್ತಾರೆ ಎಂದು ಹಾಲಸಿದ್ದಪ್ಪ ಸಂತೋಷಪಟ್ಟ. ಎಂಥ ಪುಣ್ಯಾತ್ಮ ನೋಡಿ.

ಅವನಿಗಿದ್ದ ಚಟ ಒಂದೇ, ಎಲೆ ಅಡಿಕೆ. ಎಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಪಕ್ಕದಲ್ಲಿದ್ದ ಬಾಗಿಲ ಚೌಕಟ್ಟಿಗೆ ಒರೆಸುವುದು. ಎಲೆ ಹಾಕುವವರೆಲ್ಲ ಮಾಡುವ ಕೆಲಸವೇ. ನಮ್ಮ ಕಡೆ ಯಾವ ಛತ್ರದ ಕಂಬ ನೋಡಿದರೂ ಎದೆಮಟ್ಟಕ್ಕೆ ಬೆಳ್ಳನೆಯ ಬೊಟ್ಟುಗಳಿರುತ್ತವೆ. ಅದನ್ನು ಯಾರು ನೋಡುತ್ತಾರೆ ಎಂದು ನೀವೂ ಕೇಳುತ್ತೀರಿ, ಹಾಲಸಿದ್ದಪ್ಪನೂ ಹಾಗೇ ಅಂದುಕೊಂಡಿದ್ದ.

ಅವನು ಹೆಚ್ಚಾಗಿ ಇಳಿಯುತ್ತಿದ್ದ ಜಾಗಗಳು ಎರಡು. ಸಿರುಗುಪ್ಪದಲ್ಲಿ ಎರ್ರಣ್ಣನ ಮನೆ. ಅಕ್ಕಿ ಗಿರಣಿಯ ಹಿಂದೆ, ನಾಲ್ಕು ಮಂಚ ಹಾಕಿ ನಡೆಸುತ್ತಿದ್ದ ಜಾಗ. ಆ ಮಂಚಗಳಲ್ಲಿದ್ದ ತಿಗಣೆಗಳ ಬಗ್ಗೆ ಹೇಳುವುದೆಂದರೆ, ಒಮ್ಮೆ ಹಾಸಿಗೆಗೆ ಬೆನ್ನು ತಗುಲಿಸಿದ ಮನುಷ್ಯ ಎರಡನೇ ಸಲ ತಗುಲಿಸುತ್ತಿರಲಿಲ್ಲ. ಹಾಲಸಿದ್ದಪ್ಪ ಪಾಪ, ಎದ್ದು ಬಂದು ಹೊಸ್ತಿಲ ಮೇಲೆ ಕೂತು, ಬೆಳಗಾಗುವ ತನಕ ಎಲೆ ಹಾಕಿಕೊಂಡು ಕಾಲ ತಳ್ಳುತ್ತಿದ್ದ. ಹೊರಡುವಾಗ ಎರ್ರಣ್ಣ ಕೇಳಿದರೆ, ಇದ್ದೇ ಇದೆಯಲ್ಲ, ಛಲೋ ಐತಿ.

ಇನ್ನೊಂದು ಬಳ್ಳಾರಿಯಲ್ಲಿ ಜಿನ್ನುಗಳ ಹಿಂದಿನ ಓಣಿಯಲ್ಲಿ ಜಂಬಮ್ಮನ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ರೊಟ್ಟಿ ಬಡಿದು ಅದನ್ನು ಎಬ್ಬಿಸಿದ್ದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಗಟ್ಟಿಬೇಳೆ. ಮಲಗುವವರಿಗೆ ಪಡಸಾಲೆಯಲ್ಲಿ ಬಿಸಿಲಿಗೆ ಒಣಗಿಸಿದ ಕೌದಿ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಆಕೆ ಬಂದವರಿಗೆಲ್ಲ ಮಡಿಚಿದ ಎಲೆ ತಂದು ಕೈಗಿಡುವಳು. ಅದನ್ನು ಅಗಿದು ಮುಗಿಸುವ ಮೊದಲೇ ಹಾಲಸಿದ್ದಪ್ಪನಿಗೆ ಕಣ್ಣು ಎಳೆಯುತ್ತಿತ್ತು. ಕೊಟ್ರಮ್ಮನ ಮುಂದೆ ಹೇಳುವ ಧೈರ್ಯ ಇರಲಿಲ್ಲ, ಆದರೆ ಸ್ವಂತ ಮನೆಯಲ್ಲೂ ಅವನು ಅಷ್ಟು ಚೆನ್ನಾಗಿ ಮಲಗಿದವನಲ್ಲ. ಆಕೆ ಅವನನ್ನು ಅಣ್ಣಾರ ಎನ್ನುವಳು, ಇವನು ತಂಗೆವ್ವ ಎನ್ನುವನು. ಹೊರಡುವಾಗ ಇಲ್ಲಿಯೂ ಅದೇ ಮಾತು. ಇಲ್ಲಿ ಮಾತ್ರ ಅದನ್ನು ಮನಸ್ಸಿನಿಂದ ಹೇಳುತ್ತಿದ್ದ.

ಒಂದು ವರ್ಷ ಹೋರಿಯೊಂದು ಒದ್ದು ಅವನ ತೊಡೆಯ ಮೂಳೆ ಮುರಿಯಿತು. ಅದು ಕೂಡಿಕೊಂಡು, ಕುಂಟುತ್ತಲಾದರೂ ನಡೆಯುವ ಹೊತ್ತಿಗೆ ಎರಡು ಸುಗ್ಗಿ ಕಳೆದಿದ್ದವು. ಮತ್ತೆ ಬಳ್ಳಾರಿ ಗಾಡಿ ಹತ್ತಿದಾಗ ಊರಿಗೆ ಊರೇ ಮೊದಲ ಚುನಾವಣೆ ಮುಗಿಸಿ ಕೂತಿತ್ತು. ಗೋಡೆಗಳ ಮೇಲಿನ ಬರಹ ಇನ್ನೂ ಅಳಿಸಿರಲಿಲ್ಲ.

ಸ್ಟೇಷನ್ ರಸ್ತೆಗೆ ಬಂದಾಗ ಅವನು ಗಾಡಿಯಿಂದ ಇಳಿದೇಬಿಟ್ಟ. ಎರಡಂತಸ್ತಿನ ಹೊಸ ಕಟ್ಟಡ. ನೀಲಿ ಬೋರ್ಡು. ‘ಶ್ರೀ ಎರ್ರಣ್ಣ ಲಾಡ್ಜು’ ಎಂಬ ಅಕ್ಷರದ ಮೇಲೆ ಸಾಲಾಗಿ ಐದು ಬಿಳಿ ನಕ್ಷತ್ರ. ಆಚೆ ಬದಿಯ ಇನ್ನೊಂದು ಲಾಡ್ಜಿಗೆ ಮೂರು. ಮೂಲೆಯ ಖಾನಾವಳಿಯವನೂ ಬಿಟ್ಟಿರಲಿಲ್ಲ, ಎರಡು ಬರೆಸಿಕೊಂಡಿದ್ದ. ಹಿಂದೆ ಕಂಟೋನ್ಮೆಂಟಿನ ದೊರೆಗಳ ಭುಜದ ಮೇಲೆ ಮಾತ್ರ ಇಂಥದ್ದನ್ನು ನೋಡಿದ್ದ ಹಾಲಸಿದ್ದಪ್ಪ, ಇವರೆಲ್ಲ ಯಾವಾಗ ದಂಡಿಗೆ ಸೇರಿದರು ಎಂದು ಬಾಯಿ ತೆರೆದು ನಿಂತ.

ಒಳಗಿನಿಂದ ಸಿರುಗುಪ್ಪದ ಎರ್ರಣ್ಣನೇ ಓಡಿ ಬಂದ. ಬಂದವನೇ ನಡುರಸ್ತೆಯಲ್ಲಿ ಹಾಲಸಿದ್ದಪ್ಪನ ಕಾಲಿಗೆ ಬಿದ್ದ.

“ನಿಮ್ಮಿಂದ ಬದುಕಿದೆ ಅಣ್ಣಾ. ನೀವು ನನ್ನ ಪಾಲಿನ ದೇವ್ರು.”

“ಏಳಪಾ, ಏಳು. ನಾ ಏನು ಮಾಡೀನಿ?” ಎಂದ ಹಾಲಸಿದ್ದಪ್ಪ, ಗಾಬರಿಯಿಂದ.

ಎರ್ರಣ್ಣ ಅವನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ನಡುಮನೆಗೆ ಹೋಗುವ ಬಾಗಿಲಿಗೆ ಹಳೆಯ ಚೌಕಟ್ಟೊಂದನ್ನು ಕೂರಿಸಿದ್ದರು. ಹೊಸ ಗೋಡೆಗೆ ಅದು ಒಪ್ಪುತ್ತಲೂ ಇರಲಿಲ್ಲ. ಸಿರುಗುಪ್ಪದ ಮನೆಯ ಚೌಕಟ್ಟು ಅದು. ಕಿತ್ತು ಗಾಡಿಯಲ್ಲಿ ಹೇರಿ ತಂದಿದ್ದ. ಎದೆಮಟ್ಟದಲ್ಲಿ ಬಿಳಿಯ ಬೊಟ್ಟುಗಳು, ಒಂದರ ಮೇಲೊಂದು, ಎಣಿಸಲಾರದಷ್ಟು. ಅಳಿಸದಿರಲಿ ಎಂದು ಮೇಲೆ ವಾರ್ನಿಷ್ ಹೊಡೆಸಿದ್ದ. ಮೂಲೆಯಲ್ಲೊಂದು ಊದಿನಕಡ್ಡಿ ಉರಿಯುತ್ತಿತ್ತು.

ಕುರ್ಚಿಯಲ್ಲಿ ಕೂತಿದ್ದ ಪಕ್ಕೀರಪ್ಪ ಎದ್ದು ಬಂದ. ಅವನ ಮುಖದಲ್ಲಿ ಗೆದ್ದವನ ನಗು.

“ಇನ್ನ ಹೇಳಿದ್ರ ತಪ್ಪಿಲ್ಲ ಬಿಡು, ಹಾಲಸಿದ್ದಣ್ಣ,” ಎಂದು ಸುರುಮಾಡಿದ. “ನಿನ್ನ ಬಾಯಿ ನಂಬಿ ನನ್ನ ಸೀರಿ ಹಾಳಾದವು. ಅವತ್ತ ಕುಂತು ವಿಚಾರ ಮಾಡಿದೆ. ಇಂವ ಬಾಯಿಲೆ ಖರೇ ಹೇಳಂಗಿಲ್ಲ. ಆದ್ರ ಮನುಷ್ಯ ಖುಷಿ ಇದ್ದಲ್ಲಿ ಕುಂದ್ರತಾನ. ಕುಂತಲ್ಲಿ ಎಲಿ ಹಾಕ್ತಾನ. ಹಾಕಿದಲ್ಲಿ ಸುಣ್ಣ ಒರಸ್ತಾನ. ಬೊಟ್ಟು ಹೆಚ್ಚಿದ್ರ ಜಾಗ ಛಲೋ ಅಂತ ತಿಳೀಬೇಕು, ಕಡಿಮಿ ಇದ್ರ ಮುಂದ ಹೋಗಬೇಕು. ನಾಕು ಮಂದಿಗೆ ಹೇಳಿದೆ. ಅವರು ನಾನೂರು ಮಂದಿಗೆ ಹೇಳಿದ್ರು.”

“ನನಗ್ಯಾಕ ಹೇಳಲಿಲ್ಲ?” ಹಾಲಸಿದ್ದಪ್ಪನ ಧ್ವನಿ ಅವನಿಗೇ ಕೇಳಿಸಲಿಲ್ಲ.

“ಹೇಳಿದ್ರ ನಿನ್ನ ಬೆರಳೂ ಸುಳ್ಳು ಕಲೀತಿತ್ತು.”

ಬೋರ್ಡಿನ ಮೇಲೆ ಬರೀ ಬೊಟ್ಟು ಇಟ್ಟರೆ ಕೋಳಿ ಹಿಕ್ಕೆ ಹಾಕಿದ ಹಾಗೆ ಕಾಣುತ್ತದೆ, ಅದಕ್ಕೇ ಪೇಂಟರನು ನಕ್ಷತ್ರ ಮಾಡಿಕೊಟ್ಟ ಎಂದ ಎರ್ರಣ್ಣ. ದಂಡಿನ ಆಫೀಸರನ ಭುಜಕ್ಕೆ ಮೂರು, ತನ್ನ ಬೋರ್ಡಿಗೆ ಐದು. ಪಕ್ಕದವರೂ ಅದನ್ನೇ ಹಿಡಿದರು. ಈಗ ರೈಲಿಳಿದವರು ಯಾರನ್ನೂ ಏನನ್ನೂ ಕೇಳುವುದಿಲ್ಲ, ತಲೆಯೆತ್ತಿ ಬೋರ್ಡು ಎಣಿಸುತ್ತಾರೆ. ಐದಿದ್ದರೆ ಹಾಯಾಗಿ ಮಲಗಬಹುದು, ಮೂರಿದ್ದರೆ ಹೇಗೋ ಆದೀತು, ಒಂದೂ ಇಲ್ಲದಿದ್ದರೆ ಅಲ್ಲಿ ನೀರು ಕುಡಿಯಬಾರದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮದು, ಮೇಲೆ ನಕ್ಷತ್ರ ಬೇರೆ.

ಹಾಲಸಿದ್ದಪ್ಪ ಚೌಕಟ್ಟನ್ನೇ ನೋಡುತ್ತ ನಿಂತ. ಪ್ರತಿಯೊಂದು ಬೊಟ್ಟೂ ಒಂದೊಂದು ಕಡಿತ. ಈ ಬೊಟ್ಟು ಬೆನ್ನಿಗೆ, ಆ ಬೊಟ್ಟು ಕುತ್ತಿಗೆಗೆ. ತಿಗಣೆ ಕಾಟಕ್ಕೆ ಎದ್ದು ಕೂತವನ ಗೋಳನ್ನು ಇವರು ತೇರಿನ ಕಳಸ ಮಾಡಿ ಇಟ್ಟುಕೊಂಡಿದ್ದಾರೆ. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಎರ್ರಣ್ಣನ ಕಣ್ಣಲ್ಲಿ ನೀರಾಡುತ್ತಿತ್ತು. ಸೌಟು ಹಿಡಿದ ಆ ಹೆಣ್ಣಿನ ತಂದೆಯ ಕಣ್ಣು ನೆನಪಾಗಿ, ತೆರೆದ ಬಾಯಿ ತಾನೇ ಮುಚ್ಚಿಕೊಂಡಿತು.

“ನಾಳೆ ಮುಂಜಾನೆ ಮಾಳಿಗಿ ಮ್ಯಾಲಿನ ಹೊಸ ಖೋಲಿ ತೆರೀತೀನಿ,” ಎಂದ ಎರ್ರಣ್ಣ. “ನೀವ ಬಂದು ಬಾಗಿಲಿಗೆ ಮೊದಲನೇ ಬೊಟ್ಟು ಇಡಬೇಕು. ಊರ ವ್ಯಾಪಾರಸ್ತರನ್ನೆಲ್ಲ ಕರದೀನಿ. ಇಲ್ಲ ಅನಬ್ಯಾಡ್ರಿ.”

ಹಾಲಸಿದ್ದಪ್ಪ ಹೂಂ ಅಂದನೋ ಊಹೂಂ ಅಂದನೋ ಅವನಿಗೇ ನೆನಪಿಲ್ಲ. ನೇರ ಜಂಬಮ್ಮನ ಓಣಿಗೆ ಕುಂಟುತ್ತ ಹೊರಟ. ಅಲ್ಲಿ ಹೋಗಿ ಒಂದು ರೊಟ್ಟಿ ತಿಂದರೆ ತಲೆ ಜಾಗಕ್ಕೆ ಬರುತ್ತದೆ ಎಂದು ಅವನ ಲೆಕ್ಕ.

ಹೊತ್ತು ಮುಳುಗುವ ಸಮಯ. ಹಿಂದೆಲ್ಲ ಈ ಹೊತ್ತಿಗೆ ಓಣಿಯ ತುದಿಗೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಹೊಸ್ತಿಲ ಮುಂದೆ ಚಪ್ಪಲಿ ಇಡಲು ಜಾಗ ಇರುತ್ತಿರಲಿಲ್ಲ. ಇವತ್ತು ಒಂದು ಜೊತೆಯೂ ಇಲ್ಲ. ಪಡಸಾಲೆಯಲ್ಲಿ ಕೌದಿಗಳನ್ನು ಹಗ್ಗ ಹಾಕಿ ಕಟ್ಟಿತ್ತು. ದೊಡ್ಡ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿಟ್ಟಿತ್ತು.

ಜಂಬಮ್ಮ ಬಾಗಿಲಿಗೆ ಬಂದಳು. ಇಳಿದುಹೋಗಿದ್ದಳು. “ಬರ್ರಿ ಅಣ್ಣಾರ. ಕಾಲು ಹೆಂಗೈತ್ರಿ?” ಎಂದು ನೀರು ಕೊಟ್ಟಳು.

“ಏನಿದು ತಂಗೆವ್ವ, ಗಂಟು ಕಟ್ಟೀದಿ?”

“ನಾಳೆ ಬಾದನಹಟ್ಟಿಗೆ ಹೊಂಟೀನ್ರಿ. ನಮ್ಮಣ್ಣ ದೊಡ್ಡಬಸಪ್ಪ ಗಾಡಿ ತರ್ತಾನ. ತಿಂಗಳುಗಟ್ಟಲೆ ಒಲಿ ಹಚ್ಚಿ ಯಾರೂ ಬರಲಿಲ್ಲ ಅಂದ್ರ ಎಷ್ಟಂತ ಕಾಯೋದ್ರಿ. ಅಣ್ಣನ ಮನ್ಯಾಗ ಅತ್ತಿಗಿ ಕೈಕೆಳಗ ಕಸ ಮುಸುರಿ ಮಾಡ್ಕೊಂಡಿರತೀನಿ.”

ಇದನ್ನು ಆಕೆ ಬೇರೆ ಯಾರದೋ ಸುದ್ದಿ ಹೇಳಿದಷ್ಟು ಸಾವಧಾನವಾಗಿ ಹೇಳಿ, ತಟ್ಟೆ ಇಟ್ಟು ರೊಟ್ಟಿ ಹಾಕಿದಳು. ಹಾಲಸಿದ್ದಪ್ಪ ಮುರಿದ ತುತ್ತನ್ನು ಬಾಯಿಗಿಡಲಿಲ್ಲ.

“ಯಾಕ ಬರಲಿಲ್ಲ ಮಂದಿ? ಇಂಥಾ ಊಟ ಬಿಟ್ಟು?”

ಜಂಬಮ್ಮ ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಆಕೆ ಹಾಗೆ ನೋಡಿದ್ದಿಲ್ಲ.

“ನನ್ನ ಕೇಳತೀರೇನ್ರಿ? ಬರೋರೆಲ್ಲ ಮೊದಲು ಈ ಚೌಕಟ್ಟು ನೋಡಿದ್ರು. ಇಲ್ಲಿ ಒಂದ ಬೊಟ್ಟಿಲ್ಲ. ಹಾಲಸಿದ್ದಪ್ನೋರು ವರ್ಷಾನುಗಟ್ಟಲೆ ಇಳಿದಾರಂತ, ಬೆರಳ ಸುದ್ದಾ ಹಚ್ಚಿಲ್ಲಂತ, ಹಂಗಂದ್ರ ಇಲ್ಲಿ ಏನೋ ಐತಿ ಅಂದ್ರು. ಬಂದ ದಾರೀಲೆ ಹೋದ್ರು. ಒಂದ್ ಕಣ್ಣಿಗೆ ಬೆಣ್ಣಿ, ಇನ್ನೊಂದ್ ಕಣ್ಣಿಗೆ ಸುಣ್ಣ ಅಂತಾರಲ್ರೀ, ನನಗ ಆ ಸುಣ್ಣಾನೂ ಸಿಗಲಿಲ್ಲ.”

“ನಾ ಪ್ರತಿ ಸಲ ಛಲೋ ಐತಿ ಅಂತ ಹೇಳೀನಲ್ಲವ್ವ.”

“ಹೇಳೀರಿ. ಅದನ್ನ ನೀವು ಎರ್ರಣ್ಣಗೂ ಹೇಳೀರಿ, ಛತ್ರದೋರಿಗೂ ಹೇಳೀರಿ. ಬಾಯಿಲೆ ಛಲೋ ಅಂತೀರಿ, ಬೆರಳಿಲೆ ಇಲ್ಲ ಅಂತೀರಿ. ಯಾವುದನ್ನ ನಂಬಬೇಕು ನಾನು?” ಎಂದಳು. ಲೋಟಕ್ಕೆ ನೀರು ಹಾಕಿ, “ಸಿಟ್ಟಿಲ್ರಿ ನನಗ. ಊಟ ಸೇರಲಿಲ್ಲಂದ್ರ ಬಾಯಿ ಬಿಟ್ಟು ಹೇಳಬಹುದಿತ್ತು. ತಿದ್ದಿಕೊಳ್ತಿದ್ದೆ. ಅಷ್ಟ ಬ್ಯಾಸರ,” ಎಂದಳು.

ಹಾಲಸಿದ್ದಪ್ಪ ಜೀವಮಾನದಲ್ಲಿ ಒಂದೇ ಕಡೆ ಮನಸ್ಸಿನಿಂದ ಆಡಿದ ಮಾತು, ಅದನ್ನೇ ಈಕೆ ನಂಬಿರಲಿಲ್ಲ. ಹೇಗೆ ನಂಬಿಯಾಳು? ಅದೇ ನಾಣ್ಯವನ್ನು ಅವನು ಊರತುಂಬ ಹಂಚಿದ್ದ. ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ನೀರು ಕುಡಿದು ಎದ್ದು ಕೈ ತೊಳೆದ.

ತಿರುಗುವಷ್ಟರಲ್ಲಿ ಜಂಬಮ್ಮ ಎಂದಿನ ಹಾಗೆ ಎಲೆ ತಂದು ಅವನ ಕೈಗಿಟ್ಟಳು. ನರ ತೆಗೆದು, ಹದವಾಗಿ ಸುಣ್ಣ ಸವರಿ, ಅಡಿಕೆ ಇಟ್ಟು, ಅಂದವಾಗಿ ಮಡಿಚಿದ ಎಲೆ. ಅವನು ಅದನ್ನು ಬಾಯಿಗೆ ಒಯ್ದವನು ಅಲ್ಲೇ ತಡೆದ. ಎಲೆ ನೋಡಿದ. ತನ್ನ ತೋರುಬೆರಳು ನೋಡಿಕೊಂಡ. ಬೆರಳು ತೊಳೆದಿಟ್ಟಂತೆ ಇತ್ತು.

ಇಷ್ಟೇನಾ. ಈ ಮನೆಯಲ್ಲಿ ಅವನು ಒಂದು ದಿನವೂ ತನ್ನ ಕೈಯಿಂದ ಸುಣ್ಣ ಮುಟ್ಟಿರಲಿಲ್ಲ. ಮುಟ್ಟಲು ಈಕೆ ಬಿಟ್ಟಿರಲಿಲ್ಲ. ಈಕೆ ಮಾಡಿದ ಆದರವೇ ಈಕೆಯ ಒಲೆ ಆರಿಸಿತ್ತು.

“ತಂಗೆವ್ವ, ನೀನ ಮಡಿಚಿ ಕೊಡ್ತೀದಿ. ನನ್ನ ಬೆರಳಿಗೆ ಸುಣ್ಣ ಎಲ್ಲಿಂದ ಹತ್ತಬೇಕು? ಎರ್ರಣ್ಣನ ಮನ್ಯಾಗ ತಿಗಣಿ ಕಾಟಕ್ಕ ಎದ್ದು ಕುಂತು ನಾನ ಹಚ್ಚಿಕೊಳ್ತಿದ್ದೆ,” ಎಂದು ಒಂದೇ ಉಸಿರಿಗೆ ಹೇಳಿದ.

ಜಂಬಮ್ಮ ಬಾಡಿದ ನಗೆ ನಕ್ಕಳು. “ನನಗ ಕೆಟ್ಟ ಅನಸಬಾರ್ದಂತ ಹೇಳ್ತೀರಿ. ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನ್ರಿ. ಮಲಕೊಳ್ರಿ,” ಎಂದು ಕಟ್ಟಿದ್ದ ಕೌದಿಗಳಲ್ಲಿ ಒಂದನ್ನು ಬಿಚ್ಚಿ ಹಾಸಿದಳು.

ಜಂಬಮ್ಮನ ಪಡಸಾಲೆಯಲ್ಲಿ ಹಾಲಸಿದ್ದಪ್ಪನಿಗೆ ನಿದ್ದೆ ಬಾರದ್ದು ಅದೇ ಮೊದಲು.

ಬೆಳಿಗ್ಗೆ ಎರ್ರಣ್ಣನ ಲಾಡ್ಜಿನ ಮುಂದೆ ತೋರಣ ಕಟ್ಟಿತ್ತು. ಅರಳೆಯವರು, ಜವಳಿಯವರು, ಶೇಂಗಾದವರು ಎಲ್ಲ ಮಾಳಿಗೆ ಮೆಟ್ಟಿಲವರೆಗೂ ತುಂಬಿದ್ದರು. ಎರ್ರಣ್ಣ ಬೆಳ್ಳಿ ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಬಟ್ಟಲು ಸುಣ್ಣ ಹಿಡಿದು ನಿಂತಿದ್ದ. ಬಾಗಿಲಿಗೆ ಬಣ್ಣ ಹೊಡೆದಿದ್ದರು, ವಾಸನೆ ಇನ್ನೂ ಹೋಗಿರಲಿಲ್ಲ. ಒಳಗೆ ಮಂಚಗಳು ಮಾತ್ರ ಸಿರುಗುಪ್ಪದ ಹಳೆಯ ಮಂಚಗಳೇ. ಹಾಲಸಿದ್ದಪ್ಪನ ಬೆನ್ನು ಅವುಗಳ ಗುರುತು ಹಿಡಿಯಿತು.

ಅವನು ತಟ್ಟೆಯನ್ನು ನೋಡಿದ, ಜನರನ್ನು ನೋಡಿದ. ಅಪ್ಪನ ಮಾತು ಗಂಟಲಿಗೆ ಅಡ್ಡ ಬಂತು. ಅದನ್ನು ನುಂಗಿಕೊಂಡ.

“ಈ ಮಂಚದಾಗ ತಿಗಣಿ ಅದಾವ,” ಎಂದ.

ತನ್ನ ಬಾಯಿಂದ ಬಂದ ಮಾತು ಹೌದೋ ಅಲ್ಲವೋ ಎಂದು ಅವನು ಒಮ್ಮೆ ಅನುಮಾನಪಟ್ಟ. ಆಮೇಲೆ ಪೂರ್ತಿ ಹೇಳಿದ. ಸಿರುಗುಪ್ಪದ ಹೊಸ್ತಿಲು, ಕಡಿತ, ಬೆಳತನಕ ಹಾಕಿದ ಎಲೆ. ಆ ಬೊಟ್ಟು ಖುಷಿಯ ಬೊಟ್ಟಲ್ಲ, ನಿದ್ದೆಗೆಟ್ಟವನ ಬೊಟ್ಟು ಎಂದ. ಬಳ್ಳಾರಿಯಲ್ಲಿ ತಾನು ಕಣ್ತುಂಬ ಮಲಗಿದ್ದು ಜಂಬಮ್ಮನ ಮನೆಯಲ್ಲಿ ಮಾತ್ರ ಎಂದ.

ಪಕ್ಕೀರಪ್ಪ ಗಹಗಹಿಸಿ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು.

“ಕೇಳಿದ್ರೇನ್ರಪಾ? ಪಾಪ ಆ ಹೆಣ್ಣುಮಗಳು ಗಂಟು ಕಟ್ಯಾಳ, ಅದಕ್ಕ ಇಂವಗ ಕರುಳು ಚುರ್ ಅಂದೈತಿ. ಇವನ ಬಾಯಿ ಮಾತು ಹಿಡೀಬ್ಯಾಡ್ರಿ ಅಂತ ನಾ ಹೇಳಿಲ್ಲೇನು? ಹಾಲಸಿದ್ದಣ್ಣ, ಮಾತು ಬಿಡು, ಬೊಟ್ಟು ಇಡು.”

ಎರ್ರಣ್ಣನೂ ನಕ್ಕ, ಆದರೆ ಅವನ ನಗು ಅಷ್ಟು ದೂರ ಹೋಗಲಿಲ್ಲ. ಮಂಚದ ಸಂಗತಿ ಅವನಿಗೆ ಗೊತ್ತಿಲ್ಲದ್ದೇನಲ್ಲ.

ಹಾಲಸಿದ್ದಪ್ಪ ಕೆಳಗಿಳಿದು ಹೆಗಲ ಮೇಲಿನ ಟವಲು ತೆಗೆದು ಹಳೆಯ ಚೌಕಟ್ಟನ್ನು ತಿಕ್ಕಿದ. ವಾರ್ನಿಷ್ ಹೊಡೆದ ಬೊಟ್ಟುಗಳು ತಿಕ್ಕಿದಷ್ಟೂ ಹೊಳೆದವು. ಬದುಕಿನಲ್ಲಿ ಒಂದು ಸಲ ನಿಜ ಹೇಳಿದ್ದಕ್ಕೆ ಇಷ್ಟು ಜನ ಸೇರಿ ನಗುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇವನದು ಸುಣ್ಣಕ್ಕೆ ಹೋಗಿತ್ತು.

ಹಿಂದೆಯೇ ಇಳಿದು ಬಂದಿದ್ದ ಎರ್ರಣ್ಣನ ಕೈಯಿಂದ ಸುಣ್ಣದ ಬಟ್ಟಲು ಕಸಿದುಕೊಂಡು ಅವನು ರಸ್ತೆಗಿಳಿದ. ಮುರಿದ ಕಾಲು ಎಳೆದುಕೊಂಡು ಆದಷ್ಟೂ ಬೇಗ ನಡೆದ. ಏನೋ ತಮಾಷೆ ಇದೆ ಎಂದು ಪಕ್ಕೀರಪ್ಪನೂ ಅವನ ಹಿಂದೆ ಅರ್ಧ ಜನವೂ ಬಂದರು.

ಜಂಬಮ್ಮನ ಮನೆ ಮುಂದೆ ಗಾಡಿ ನಿಂತಿತ್ತು. ದೊಡ್ಡಬಸಪ್ಪ ಬೀಸುವ ಕಲ್ಲನ್ನು ಎತ್ತಿ ಗಾಡಿಗೆ ಹಾಕುತ್ತಿದ್ದ. ಹಾಲಸಿದ್ದಪ್ಪ ಯಾರನ್ನೂ ಮಾತಾಡಿಸದೆ ಬಟ್ಟಲಿಗೆ ಬೆರಳು ಅದ್ದಿ ಚೌಕಟ್ಟಿಗೆ ಬೊಟ್ಟು ಇಡತೊಡಗಿದ. ಒಂದು, ಅದರ ಪಕ್ಕಕ್ಕೆ ಒಂದು, ಕೈಗೆ ಎಟಕುವಷ್ಟೂ ಎತ್ತರಕ್ಕೆ.

ಜಂಬಮ್ಮ ಒಳಗಿನಿಂದ ಒದ್ದೆ ಅರಿವೆ ಹಿಡಿದು ಬಂದಳು. ಅವನು ಇಡುತ್ತಿದ್ದ ಹಾಗೆಯೇ ಒಂದೊಂದನ್ನೂ ಒರೆಸಿದಳು.

“ಕನಿಕರಕ್ಕ ಹಚ್ಚಿದ ಸುಣ್ಣ ನನಗ ಬ್ಯಾಡ್ರಿ,” ಎಂದಳು. ಧ್ವನಿ ಗಡುಸಾಗಿತ್ತು. “ಇಷ್ಟು ಮಂದಿ ಮುಂದ ನನ್ನ ಮರ್ಯಾದಿ ಕಳೀಬ್ಯಾಡ್ರಿ. ಅಡಿಗಿ ಛಲೋ ಇರಲಿಲ್ಲ, ಮಂದಿ ಬರಲಿಲ್ಲ. ಮುಗೀತು.”

ಬಾಯಿ ನಂಬಲಿಲ್ಲ ಸರಿ, ಈಗ ಬೆರಳನ್ನೂ ನಂಬಲಿಲ್ಲ. ಹಾಲಸಿದ್ದಪ್ಪನಿಗೆ ಬೇರೆ ಏನು ಉಳಿದಿತ್ತು? ಅವನಿಗೆ ಸಿಟ್ಟು ಬಂತು. ಹಿಂದೆಂದೂ ಬಾರದ ಸಿಟ್ಟು.

“ಅಡಿಗಿ ಛಲೋ ಇರಲಿಲ್ಲ ಅಂತ ಯಾರಂದ್ರು?” ಎಂದು ಗದರಿಸಿದ. “ಬ್ಯಾಳಿಗೆ ಉಪ್ಪು ಒಂದ್ ಕಲ್ಲು ಹೆಚ್ಚು ಹಾಕ್ತೀದಿ. ಸುರುವಿನಿಂದ ಹಾಕ್ತೀದಿ. ಸೋಮಾರದ ಬ್ಯಾಳಿ ಅಂತೂ ನಾಲಿಗಿ ಕೀಳತೈತಿ. ಪಡಸಾಲ್ಯಾಗ ಮೂಲಿ ಹೆಂಚು ಒಡದೈತಿ, ಮಳಿ ಬಂದ್ರ ಸೀದಾ ಮಲಗಿದವನ ಮೂಗಿನ ಮ್ಯಾಲ ಬೀಳತೈತಿ. ನಿನ್ನ ಆ ಹುಂಜ ಐತಲ್ಲ, ಅದಕ್ಕ ಹೊತ್ತು ಗೊತ್ತಿಲ್ಲ, ನಡುರಾತ್ರ್ಯಾಗ ಕೂಗತೈತಿ. ಇಷ್ಟಿದ್ದೂ ನಾ ಇಲ್ಲೇ ಬಂದೆ. ಮಠ ಬಿಟ್ಟು ಬಂದೆ, ಛತ್ರ ಬಿಟ್ಟು ಬಂದೆ. ನಿನ್ನ ರೊಟ್ಟಿ ಉಂಡು ನನ್ನ ಮನ್ಯಾಗೂ ಬಾರದ ನಿದ್ದಿ ಮಾಡಿದೆ. ಅಡಿಗಿ ಛಲೋ ಇರಲಿಲ್ಲಂತ.”

ಪಕ್ಕೀರಪ್ಪ ಬಾಯಿ ಕಳೆದುಕೊಂಡು ನಿಂತಿದ್ದ. ಹಾಲಸಿದ್ದಪ್ಪನ ಬಾಯಲ್ಲಿ ಒಂದು ಮನೆಯ ಹೆಂಚು, ಹುಂಜ, ಉಪ್ಪು ಎಲ್ಲವೂ ಒಟ್ಟಿಗೆ ಬೈಸಿಕೊಂಡಿದ್ದನ್ನು ಅವನು ಕಿವಿಯಾರೆ ಕೇಳಿದ್ದ.

ಜಂಬಮ್ಮನ ಕೈಯಲ್ಲಿದ್ದ ಅರಿವೆ ಜಾರಿ ಕೆಳಗೆ ಬಿತ್ತು.

“ಉಪ್ಪು ಹೆಚ್ಚಾಗತಿತ್ತೇನ್ರಿ?” ಎಂದು ಕೇಳಿದಳು.

“ಆಗತಿತ್ತು.”

“ಇಷ್ಟು ವರ್ಷ?”

“ಇಷ್ಟೂ ವರ್ಷ.”

“ಮತ್ತ ರೊಟ್ಟಿ?”

“ರೊಟ್ಟಿ ಛಲೋ ಇತ್ತವ್ವ,” ಎಂದ ಹಾಲಸಿದ್ದಪ್ಪ. ಸಿಟ್ಟೆಲ್ಲ ಇಳಿದಿತ್ತು.

ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಹೊರಗಿನವರಿಗೆ ತಿಳಿಯಲಿಲ್ಲ. ಮುಖ ತೆಗೆದಾಗ ಅಣ್ಣನ ಕಡೆ ತಿರುಗಿ, “ಅಣ್ಣಾ, ಬೀಸೋಕಲ್ಲು ಇಳಸು,” ಎಂದಳು. ದೊಡ್ಡಬಸಪ್ಪ ಆಗ ತಾನೇ ಅದನ್ನು ಹೇರಿ ಬೆನ್ನು ನೆಟ್ಟಗೆ ಮಾಡುತ್ತಿದ್ದ. ಏನೋ ಗೊಣಗುತ್ತ ಮತ್ತೆ ಎತ್ತಿದ.

ಮೊದಲು ಚಪ್ಪಲಿ ಬಿಟ್ಟವನು ಪಕ್ಕೀರಪ್ಪ. ಹೊಸ್ತಿಲ ಮುಂದೆ ಅವನ್ನು ಜೋಡಿಸಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಗೋಡೆಗೆ ಒರಗಿ ಕೂತ. “ಊಟಕ್ಕ ಎಷ್ಟೊತ್ತಾಕ್ಕೈತವ್ವ?” ಎಂದ. ಅವನ ಹಿಂದೆ ಇನ್ನಿಬ್ಬರು ಚಪ್ಪಲಿ ಬಿಟ್ಟರು. ಎರ್ರಣ್ಣನ ಬೋರ್ಡಿನ ಐದು ನಕ್ಷತ್ರ ಅಲ್ಲಿಯೇ ಉಳಿದವು, ರೈಲಿಳಿದವರು ಎಣಿಸುವುದನ್ನೂ ಬಿಡಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವರಿಗೆ ಯಾರು ಹೇಳಬೇಕು. ಆದರೆ ಅರಳೆಯವರು, ಜವಳಿಯವರು ಆಮೇಲೆ ಹಾಲಸಿದ್ದಪ್ಪನನ್ನೇ ನೇರ ಕೇಳತೊಡಗಿದರು. ಹೇಳುವ ಮೊದಲು ಅವನು ಈಗಲೂ ಒಮ್ಮೆ ಉಗುಳು ನುಂಗಿಕೊಳ್ಳುತ್ತಿದ್ದ.

ಅವತ್ತು ಜಂಬಮ್ಮ ಇಳಿಸಿದ ಪಾತ್ರೆಗಳನ್ನು ತೊಳೆದು ಒಲೆ ಹಚ್ಚಿದಳು. ಮಧ್ಯಾಹ್ನಕ್ಕೆ ಪಂಕ್ತಿ ಹಾಕಿ ಎಲ್ಲರಿಗೂ ಬಡಿಸಿ, ಕೈಯಲ್ಲಿ ಸೌಟು ಹಿಡಿದು ಹಾಲಸಿದ್ದಪ್ಪನ ಎದುರಿಗೇ ನಿಂತಳು. ಅವನು ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟ. ಹೆದರಿದ ಕೈ, ಒಂದು ಕಲ್ಲು ಉಪ್ಪೂ ಹಾಕಿರಲಿಲ್ಲ. ಅವನು ಆ ಸೌಟನ್ನು ನೋಡಿದ, ಆಕೆಯ ಕಣ್ಣು ನೋಡಿದ.

“ತಂಗೆವ್ವ, ಉಪ್ಪಿಲ್ಲ,” ಎಂದ.